ಬೆಂಚ್ ಡ್ಯೂಟಿ

ಇನ್ನೊಬ್ಬ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ಬೆಳಗ್ಗೆಯೆಲ್ಲ ಕೂತರೆ ಡಾಕ್ಟರಾದವರಿಗೆ ಮೊದಲು ಬರುವುದು ಸೊಂಟನೋವು. ಜ್ಞಾನ ಆಮೇಲೆ ಬರುತ್ತದೆ, ಅದೂ ಪುಣ್ಯವಿದ್ದರೆ. ಇದನ್ನು ನನಗೆ ತೋರಿಸಿಕೊಟ್ಟವರು ನಾಗಸಂದ್ರದಲ್ಲಿ ಪ್ರಾಕ್ಟೀಸು ಮಾಡುತ್ತಿದ್ದ ಒಬ್ಬ ಹಿರಿಯರು. ಈ ವರ್ಷ ತೀರಿಕೊಂಡರು. ಅವರ ಹೆಸರು ಬರೆಯಲು ಹೋಗುವುದಿಲ್ಲ. ಹಿಂದೆ ಯಾವಾಗಲೋ ಗಾಳಿಮಳೆಗೆ ಅವರ ಕ್ಲಿನಿಕ್ಕಿನ ಬೋರ್ಡು ಕಿತ್ತುಬಿದ್ದಿತ್ತು. ಹೊಸದು ಹಾಕಿಸಿ ಸರ್ ಅಂದವರಿಗೆಲ್ಲ, "ಬೋರ್ಡ್ ನೋಡ್ಕೊಂಡು ಯಾರ್ರೀ ಬರ್ತಾರೆ? ಜ್ವರ ಬಂದ್ರೆ ಬರ್ತಾರೆ" ಅನ್ನುತ್ತಿದ್ದರು. ಹೆಸರಿಲ್ಲದೆ ಅಷ್ಟು ವರ್ಷ ನಡೆಸಿದವರಿಗೆ ನಾನೊಬ್ಬಳು ಈಗ ಬೋರ್ಡು ಹಾಕುವುದು ಬೇಡ. ನಾವೆಲ್ಲ ಸರ್ ಅನ್ನುತ್ತಿದ್ದೆವು, ಇಲ್ಲಿಯೂ ಸರ್ ಅಂತಲೇ ಇರಲಿ.

ನಾನು ಬಾಗಲಕೋಟೆ ಕಡೆಯವಳು. ಸೋಲದೇವನಹಳ್ಳಿಯಲ್ಲಿ ನನ್ನ ಕ್ಲಿನಿಕ್ಕು. ಸುತ್ತಮುತ್ತ ಕಾಲೇಜುಗಳಿರುವುದರಿಂದ ಪರೀಕ್ಷೆ ಹತ್ತಿರ ಬಂದಂತೆ ನನಗೆ ಹೊಟ್ಟೆನೋವಿನ ಸೀಸನ್ನು ಶುರುವಾಗುತ್ತದೆ. ಸರ್ ಅವರನ್ನು ಮೊದಲು ಕಂಡಿದ್ದು ಯಶವಂತಪುರದ ಒಂದು ಹೋಟೆಲಿನಲ್ಲಿ ನಡೆದ ಸಿಎಂಇಯಲ್ಲಿ. ಸಿಎಂಇ ಅಂದರೆ ಡಾಕ್ಟರಾದ ಮೇಲೂ ಓದುತ್ತಿರಬೇಕು ಅಂತ ನಡೆಸುವ ಪಾಠ. ನಮ್ಮ ನೋಂದಣಿ ನವೀಕರಣಕ್ಕೆ ಕ್ರೆಡಿಟ್ ಪಾಯಿಂಟು ಬೇಕು, ಪಾಯಿಂಟು ಬೇಕಾದರೆ ಈ ಪಾಠಕ್ಕೆ ಹೋಗಬೇಕು. ಏಸಿ ಹಾಲು, ಗೋಡೆಯ ಮೇಲೆ ಸ್ಲೈಡು, ಕೈಗೊಂದು ಬ್ಯಾಗು, ಕೊನೆಗೆ ಬಫೆ. ಸ್ಲೈಡಿನ ಹೊತ್ತಿಗೆ ಅರ್ಧ ಹಾಲು ತೂಕಡಿಸುತ್ತದೆ, ಬಫೆಯ ಹೊತ್ತಿಗೆ ಪೂರ್ತಿ ಎಚ್ಚರವಾಗುತ್ತದೆ.

ಅವತ್ತಿನ ವಿಷಯ ಸಕ್ಕರೆ ಕಾಯಿಲೆ. ಭಾಷಣ ಮಾಡಿದ ದೊಡ್ಡ ತಜ್ಞರು ಯಾವುದೋ ಹೊಸ ಮಾತ್ರೆಯ ಬಗ್ಗೆ ಗಂಟೆಗಟ್ಟಲೆ ಹೇಳಿ, "ಊಟಕ್ಕೆ ಮುಂಚೆ" ಎಂದು ಮುಗಿಸಿದರು. ಪ್ರಶ್ನೆಗಳಿವೆಯೇ ಎಂದಾಗ ಹಿಂದಿನ ಸಾಲಿನಲ್ಲಿ ಅರ್ಧತೋಳಿನ ಶರಟಿನ ಒಬ್ಬ ತೆಳ್ಳನೆಯ ಮುದುಕರು ಎದ್ದರು.

"ಸರ್, ಊಟಕ್ಕೆ ಮುಂಚೆ ಅಂದ್ರಿ. ನನ್ ಪೇಷಂಟು ಪೀಣ್ಯದಲ್ಲಿ ಒಂದ್ವಾರ ನೈಟ್ ಶಿಫ್ಟು, ಒಂದ್ವಾರ ಡೇ ಶಿಫ್ಟು. ಅವ್ನ ಊಟ ಯಾವ್ದು, ತಿಂಡಿ ಯಾವ್ದು ಅಂತ ಅವ್ನಿಗೇ ಗೊತ್ತಿಲ್ಲ. ಅವ್ನು ಯಾವಾಗ ತಗೋಬೇಕು?"

ತಜ್ಞರು ಒಳ್ಳೆಯ ಪ್ರಶ್ನೆ ಅಂದರು. ಉತ್ತರ ಮಾತ್ರ ಬರಲಿಲ್ಲ, ಬಫೆ ಬಂತು. ಸಕ್ಕರೆ ಕಾಯಿಲೆಯ ಪಾಠ ಕೇಳಿದ ನಾವೆಲ್ಲ ಜಾಮೂನಿಗೆ ಸಾಲುಗಟ್ಟಿದೆವು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಆ ಮುದುಕರು ತಿರುಗಿ, "ನಿಮ್ ಕ್ಲಿನಿಕ್ಕಲ್ಲಿ ಬೆಂಚ್ ಎಲ್ಲಿ ಹಾಕಿದೀರಮ್ಮ?" ಎಂದು ಕೇಳಿದರು. ಹೊರಗೆ, ವರಾಂಡದಲ್ಲಿ ಅಂದೆ. "ಅದ್ರ ಮೇಲೆ ಎಂದಾದ್ರೂ ಕೂತಿದೀರಾ?" ನಾನ್ಯಾಕೆ ಕೂಡಲಿ ಅನ್ನಿಸಿತು. ಇವರಿಗೆ ಸ್ವಲ್ಪ ಅರಳುಮರಳೇನೋ ಅಂತಲೂ ಅನ್ನಿಸಿತು. ಮುಂದಿನ ಭಾನುವಾರ ತುಮಕೂರು ರಸ್ತೆಯ ಒಂದು ದರ್ಶಿನಿಗೆ ಬರಲು ಹೇಳಿದರು. ಹೋಗಬಾರದು ಅಂದುಕೊಂಡೇ ಹೋದೆ.

ದರ್ಶಿನಿಯ ಮೇಲೆ ಒಂದು ಸಣ್ಣ ಹಾಲಿತ್ತು. ಮಾಲೀಕ ಸರ್ ಅವರ ಹಳೇ ಪೇಷಂಟು, ಭಾನುವಾರ ಮಧ್ಯಾಹ್ನ ಬಿಟ್ಟುಕೊಡುತ್ತಿದ್ದ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಹೀಗೆ ಎಲ್ಲೆಲ್ಲಿಂದಲೋ ಬಂದ ಡಾಕ್ಟರುಗಳು, ಎಲ್ಲರೂ ನಮ್ಮಂತೆ ಬೀದಿಬದಿಯಲ್ಲಿ ಕ್ಲಿನಿಕ್ಕು ಇಟ್ಟವರು. ಅಲ್ಲಿ ಸ್ಲೈಡಿಲ್ಲ, ಬ್ಯಾಗಿಲ್ಲ. ಒಂದು ಸ್ಟೀಲ್ ಲೋಟದಲ್ಲಿ ಎಲ್ಲರ ಹೆಸರಿನ ಚೀಟಿಗಳು. ನಿಮ್ಮ ಕೈಗೆ ಯಾರ ಚೀಟಿ ಬರುತ್ತದೋ ಅವರ ಕ್ಲಿನಿಕ್ಕಿಗೆ ಆ ತಿಂಗಳು ಯಾವುದಾದರೊಂದು ಬೆಳಗ್ಗೆ, ಹೇಳದೆ ಕೇಳದೆ ಹೋಗಬೇಕು. ಮಾಸ್ಕ್ ಹಾಕಿಕೊಂಡು, ಟೋಕನ್ ತೆಗೆದುಕೊಂಡು, ಪೇಷಂಟುಗಳ ಜೊತೆ ಬೆಂಚಿನ ಮೇಲೆ ಕೂಡಬೇಕು. ಒಳಗೆ ಹೋಗುವಾಗ ಜನ ಏನು ಹೇಳಬೇಕೆಂದಿದ್ದರು, ಹೊರಗೆ ಬಂದು ಏನು ಹೇಳಿದರು, ಎರಡನ್ನೂ ಕೇಳಿಸಿಕೊಳ್ಳಬೇಕು. ಬೆಂಚಿನ ಮೇಲೆ ಡಾಕ್ಟರಗಿರಿ ಮಾಡುವಂತಿಲ್ಲ. ಮುಂದಿನ ಸಭೆಯಲ್ಲಿ ಬೆಂಚು ಆಡಿದ ಮಾತನ್ನು ಬೆಂಚು ಆಡಿದಂತೆಯೇ ಒಪ್ಪಿಸಬೇಕು. ಬೆಣ್ಣೆ ಹಚ್ಚುವಂತಿಲ್ಲ. ಇದಕ್ಕೆ ಸರ್ ಇಟ್ಟ ಹೆಸರು ಬೆಂಚ್ ಡ್ಯೂಟಿ.

"ಸರ್, ಇದಕ್ಕ ಕ್ರೆಡಿಟ್ ಪಾಯಿಂಟ್ ಅದಾವೇನ್ರಿ?" ಎಂದು ಕೇಳಿದೆ.

"ಇದೆಯಲ್ಲಮ್ಮ. ಎರಡು ಇಡ್ಲಿ, ಒಂದು ವಡೆ" ಅಂದರು.

ನನ್ನ ಬೆಂಚಿಗೆ ಮೊದಲು ಬಂದವರು ಆರ್.ಟಿ. ನಗರದ ಡಾ. ಇಮ್ತಿಯಾಜ್. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಮುಂದಿನ ಸಭೆಯಲ್ಲಿ ಎದ್ದು ನಿಂತು, ಯಾವ ಮುಲಾಜೂ ಇಲ್ಲದೆ ಒಪ್ಪಿಸಿದರು: "ಡಾಕ್ಟ್ರಮ್ಮ ಒಳ್ಳೇವ್ರೇ. ಆದ್ರೆ ನಾವು ಕೂತ್ಕೊಳ್ಳೋಕ್ ಮುಂಚೇನೇ ಬರ್ಯೋಕ್ ಶುರು ಮಾಡ್ತಾರೆ. ಇನ್ನೊಂದ್ ವಿಷ್ಯ ಹೇಳ್ಬೇಕಿತ್ತು, ಅಷ್ಟ್ರಲ್ಲಿ ಚೀಟಿ ಕೈಗೆ ಬಂತು." ನನಗೆ ಮೈಯೆಲ್ಲ ಉರಿಯಿತು. ಎಂಥ ಕೃತಘ್ನ ಜನ ಅಂತ ಮನೆಗೆ ಬಂದು ಗಂಡನ ಮೇಲೆ ಕೂಗಾಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಅಂದರು. ಮರುದಿನದಿಂದ ಪೆನ್ನನ್ನು ಡ್ರಾಯರಿನಲ್ಲಿ ಇಟ್ಟು ಕೂಡತೊಡಗಿದೆ. ಪೇಷಂಟು ಮಾತು ಮುಗಿಸಿದ ಮೇಲೆ ಡ್ರಾಯರು ತೆಗೆಯುವುದು. ಈಗಲೂ ಹಾಗೆಯೇ.

ಇಮ್ತಿಯಾಜರ ಸರದಿಯೂ ಬಂತು. ಅವರು ಒಬ್ಬ ಬಿ.ಪಿ. ತಾತನಿಗೆ ದಿನಕ್ಕೆ ಅರ್ಧ ಮಾತ್ರೆ ಎಂದು ಬರೆದುಕೊಟ್ಟಿದ್ದರು. ತಾತ ಬೆಂಚಿಗೆ ಬಂದು ತನ್ನ ಹೆಂಡತಿಗೆ, "ಅರ್ಧ ನಂಗಂತೆ. ಇನ್ನರ್ಧ ಯಾಕ್ ಬಿಸಾಕೋದು, ನೀನ್ ತಗೋ" ಅಂದಿದ್ದನಂತೆ, ಅದನ್ನು ಈಗ ಅಜ್ಜಿಯೇ ಬೆಂಚಿನಲ್ಲಿ ಹೇಳಿಕೊಂಡಿದ್ದಳು. ಆಕೆಗೆ ಬಿ.ಪಿ.ಯೇ ಇರಲಿಲ್ಲ. ಇಬ್ಬರೂ ತಿಂಗಳುಗಟ್ಟಲೆ ಹಂಚಿಕೊಂಡು ನುಂಗಿದ್ದರು, ಅಜ್ಜಿಗೆ ತಲೆ ಸುತ್ತಿ ಸುತ್ತಿ ಬೀಳುತ್ತಿತ್ತು, ತಲೆಸುತ್ತಿಗೆ ಬೇರೆ ಮಾತ್ರೆ ಬರೆದವರೂ ಇಮ್ತಿಯಾಜರೇ. ವರದಿ ಕೇಳಿ ಸರ್ ನಗಲಿಲ್ಲ. ಕಾಫಿ ಲೋಟವನ್ನು ಅಂಗೈ ಮೇಲೆ ಒಂದು ಸುತ್ತು ತಿರುಗಿಸಿದರು. ಮನಸ್ಸಿಗೆ ತಾಗಿದಾಗ ಅವರು ಹಾಗೆ ಮಾಡುತ್ತಿದ್ದರು. "ನೋಡ್ರಪ್ಪ, ನಾವು ಹೇಳಿದ್ದು ಬಾಗಿಲ ತನಕ ಇರತ್ತೆ. ಬಾಗಿಲಿಂದಾಚೆ ಏನಾಗತ್ತೆ ಅಂತ ಯಾವ ಪುಸ್ತಕದಲ್ಲೂ ಬರ್ದಿಲ್ಲ" ಅಂದರು. ಇಮ್ತಿಯಾಜ್ ಮರುದಿನವೇ ಆ ಅಜ್ಜಿಯ ಮನೆ ಹುಡುಕಿಕೊಂಡು ಹೋದರು.

ಸರ್ ತಮ್ಮ ಚೀಟಿಯನ್ನೂ ಲೋಟಕ್ಕೆ ಹಾಕುತ್ತಿದ್ದರು. ಆದರೆ ಅವರ ಬೆಂಚಿಗೆ ಹೋಗಿ ಬಂದವರೆಲ್ಲ ಒಂದೇ ರಾಗ ಹಾಡುತ್ತಿದ್ದರು. ಜನ ನಿಮ್ಮನ್ನು ದೇವರು ಅಂತಾರೆ ಸರ್, ನಿಮ್ಮ ಕೈಗುಣ ಹೊಗಳ್ತಾರೆ ಸರ್. ಅವರಿಗೆ ಸಿಟ್ಟು ಬರುತ್ತಿತ್ತು. "ಇದು ರಿಪೋರ್ಟ್ ಅಲ್ಲ ಕಣ್ರೀ, ಸನ್ಮಾನ ಪತ್ರ. ಒಂದು ಶಾಲೂ ತಂದಿದ್ರೆ ಹೊದ್ಕೋತಿದ್ದೆ."

ಅವರಿಗೆ ಕಿವಿ ಮಂದವಾಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಏನು ಕೇಳಿದರೂ ಮೊದಲು ಒಂದು ನಗು, ಆಮೇಲೆ "ಹ್ಞಾ ಹ್ಞಾ", ಆಮೇಲೆ ಬೇರೆ ಯಾವುದೋ ವಿಷಯಕ್ಕೆ ಉತ್ತರ. ಮಗಳ ಮದುವೆ ಯಾವಾಗ ಅಂದರೆ ಮಳೆ ಬರಬಹುದು ಅನ್ನುತ್ತಿದ್ದರು. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದು ಒಮ್ಮೆ ಇಮ್ತಿಯಾಜ್ ಧೈರ್ಯ ಮಾಡಿ ಹೇಳಿದರು. "ಅದೆಲ್ಲ ವಯಸ್ಸಾದೋರಿಗೆ" ಅಂದುಬಿಟ್ಟರು, ಎಪ್ಪತ್ತು ದಾಟಿದ್ದ ಮನುಷ್ಯ. ನಾವು ನಕ್ಕು ಸುಮ್ಮನಾದೆವು. ಗುರುವಿನ ಕಿವಿ ಹಿಂಡುವ ಧೈರ್ಯ ಯಾರಿಗಿತ್ತು?

ಹೀಗಿರುವಾಗ ಅವರ ಚೀಟಿ ನನ್ನ ಕೈಗೆ ಬಂತು.

ಒಂದು ಸೋಮವಾರ ಮಾಸ್ಕ್ ಏರಿಸಿ, ಹಳೇ ಕಾಟನ್ ಸೀರೆ ಉಟ್ಟು ಹೋಗಿ ಕೂತೆ. ಅವರ ಕ್ಲಿನಿಕ್ಕಿಗೆ ಬಾಗಿಲಿನ ಬದಲು ಒಂದು ಪರದೆ. ಪರದೆಯ ಈಚೆಗೇ ಬೆಂಚು. ನನ್ನ ಪಕ್ಕದಲ್ಲಿ ಮಾಕಳಿಯ ಒಬ್ಬ ತಾತ, ಆಚೆ ಪಕ್ಕದಲ್ಲಿ ಬುರ್ಖಾ ಹಾಕಿದ ಒಬ್ಬ ಹೆಂಗಸು, ಐವತ್ತರ ಮೇಲಿನವರು. ಅವರನ್ನು ಶಮೀಮ್ ಎಂದಿಟ್ಟುಕೊಳ್ಳೋಣ. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ ಅವರು, "ಬರೀರಿ, ನನ್ ಹೆಸ್ರೊಂದು ಬೇಡ" ಅಂದಿದ್ದಾರೆ.

ಒಳಗಿನಿಂದ ಒಬ್ಬನ ದನಿ ಬೀದಿಗೆಲ್ಲ ಕೇಳುವಂತೆ ಬಂತು: "ಭೇದಿ ಡಾಕ್ಟ್ರೇ! ಭೇ... ದಿ!"

"ನಿನ್ನೆ ಬಿರಿಯಾನಿ ತಿಂದವ್ನೆ" ಎಂದು ತಾತ ನನಗೆ ವಿವರಿಸಿದ. "ಇಲ್ಲಿ ಇಂಗೇ ಕಣವ್ವ, ಒಸಿ ಜೋರಾಗಿ ಯೋಳ್ಬೇಕು. ಡಾಕ್ಟ್ರಿಗೆ ಕಿವಿ ಮಂದ. ಆದ್ರೆ ಚಿನ್ನದಂತ ಮನ್ಸ. ನಮ್ಗೆಲ್ಲ ಅಭ್ಯಾಸ ಆಗೋಗೈತೆ. ನಿಂಗೇನಾಗೈತೆ?"

"ಹೊಟ್ಟೆನೋವು" ಅಂದೆ.

"ಇಂಗಂದ್ರೆ ಕೇಳ್ಸಾಕಿಲ್ಲ. ಹೊಟ್ಟೆಯಿಂದ ದನಿ ತೆಗಿ" ಎಂದು ಅಭ್ಯಾಸ ಮಾಡಿಸತೊಡಗಿದ. ಬೆಂಚೆಲ್ಲ ನಕ್ಕಿತು. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಕಾಲಕ್ಷೇಪ. ಒಬ್ಬನ ಮೂಲವ್ಯಾಧಿ, ಒಬ್ಬಳ ಗ್ಯಾಸು, ಎಲ್ಲ ಪರದೆ ದಾಟಿ ಬಂದು ನಮ್ಮ ನಡುವೆ ಕೂತವು. ನನಗೂ ನಗು ತಡೆಯಲಾಗಲಿಲ್ಲ. ಈ ಸಲ ಒಳ್ಳೆ ತಮಾಷೆಯ ವರದಿ ಸಿಕ್ಕಿತು ಅಂದುಕೊಂಡೆ.

ಶಮೀಮ್ ಮಾತ್ರ ನಗಲಿಲ್ಲ. ಅವರ ಟೋಕನ್ ಬಂತು, ಒಳಗೆ ಹೋದರು. "ತಲೆನೋವು ಡಾಕ್ಟರ್ ಸಾಬ್, ತಲೆನೋವು" ಎಂದು ಎರಡು ಸಲ ಕೂಗಿದ್ದು ಕೇಳಿಸಿತು. ಚೀಟಿ ಹಿಡಿದು ಹೊರಗೆ ಬಂದವರು ಹೊರಡದೆ ಮತ್ತೆ ನನ್ನ ಪಕ್ಕದಲ್ಲೇ ಕೂತರು. ಏನಂದ್ರು ಡಾಕ್ಟ್ರು ಎಂದು ಕೇಳಿದೆ.

"ತಲೆನೋವಿಗೆ ಮಾತ್ರೆ ಕೊಟ್ರು. ಹೋದ್ಸಲಾನೂ ಅದೇ ಕೊಟ್ರು."

"ವಾಸಿ ಆಗ್ಲಿಲ್ವಾ?"

"ತಲೆನೋವು ಇದ್ರೆ ತಾನೇ ವಾಸಿ ಆಗೋದು?" ಅಂದರು. ಆಮೇಲೆ ಸುತ್ತ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದರು. ಮುಟ್ಟು ನಿಂತು ವರ್ಷಗಳಾಗಿದ್ದವಂತೆ. ಈಗ ಕೆಲವು ತಿಂಗಳಿಂದ ಮತ್ತೆ ರಕ್ತ ಹೋಗುತ್ತಿದೆಯಂತೆ. "ಡಾಕ್ಟರ್ ಸಾಬ್ ಫರಿಶ್ತಾ ಇದ್ದಂಗೆ, ದೇವ್ರೇ ಕಳ್ಸಿದ ದೂತ. ನಮ್ ಮಕ್ಳನ್ನೆಲ್ಲ ಅವ್ರೇ ನೋಡಿದ್ದು. ಆದ್ರೆ ಇದು ಕಿರ್ಚಿ ಹೇಳೋ ವಿಷ್ಯಾನಾ ಅಮ್ಮಾ? ಬೆಂಚಲ್ಲಿ ನಮ್ ಗಲ್ಲಿಯೋರೇ ಕೂತಿರ್ತಾರೆ."

ಬೇರೆ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂದೆ. "ಅವ್ರನ್ ಬಿಟ್ಟು ಬೇರೇವ್ರ ಹತ್ರ ಹೋದ್ರೆ ಅವ್ರಿಗೆ ಬೇಜಾರಾಗಲ್ವಾ?" ಅಂದರು.

ನನ್ನ ನಗುವೆಲ್ಲ ಇಳಿದುಹೋಯಿತು. ಆ ವಯಸ್ಸಿನಲ್ಲಿ ಹಾಗೆ ರಕ್ತ ಹೋಗುವುದೆಂದರೆ ಒಂದು ದಿನವೂ ತಡಮಾಡಬಾರದ ಸಂಗತಿ, ಗರ್ಭಕೋಶದ ಕ್ಯಾನ್ಸರೂ ಇರಬಹುದು ಎಂದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಇವರು ತಿಂಗಳುಗಟ್ಟಲೆ ತಲೆನೋವಿನ ಮಾತ್ರೆ ನುಂಗುತ್ತಿದ್ದಾರೆ. ಬೆಂಚಿನ ನಿಯಮ ಮೂಲೆಗಿಟ್ಟು ಮಾಸ್ಕ್ ಇಳಿಸಿದೆ. ನಾನೂ ಡಾಕ್ಟರು, ನಾಳೆ ಬೆಳಗ್ಗೆಯೇ ನನ್ನ ಕ್ಲಿನಿಕ್ಕಿಗೆ ಬನ್ನಿ, ಅಲ್ಲಿ ಬಾಗಿಲಿದೆ ಅಂದೆ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಡಾಕ್ಟ್ರಾ? ಈಗ ಹೊಟ್ಟೆನೋವು ಅಂದ್ರಿ? ಸುಳ್ಳು ಹೇಳಿದ್ರಾ?"

"ನೀವೂ ತಲೆನೋವು ಅಂದ್ರಲ್ಲ."

ತಲೆನೋವಿನ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, "ಹ್ಞೂಂ, ಬರ್ತೀನಿ" ಅಂದರು. ಬಂದರು. ಸ್ಕ್ಯಾನಿಂಗಿಗೂ ಸ್ತ್ರೀರೋಗ ತಜ್ಞೆಯ ಹತ್ತಿರವೂ ನಾನೇ ಜೊತೆಗೆ ಹೋದೆ. ಭಯಪಟ್ಟದ್ದೇ ನಿಜವಾಗಿತ್ತು. ಆದರೆ ಗರ್ಭಕೋಶದಾಚೆಗೆ ಹರಡಿರಲಿಲ್ಲ, ಆಪರೇಷನ್ ಮಾಡಿದರೆ ಗುಣವಾಗುವ ಹಂತ ಎಂದರು ತಜ್ಞೆ.

ಇನ್ನುಳಿದದ್ದು ಭಾನುವಾರದ ವರದಿ. ಹೇಳಿದರೆ ಆ ಮನುಷ್ಯನ ಎದೆ ಒಡೆಯುತ್ತದೆ. ಹೇಳದಿದ್ದರೆ ಆ ಬೆಂಚಿನ ಮೇಲೆ ಇನ್ನೊಬ್ಬ ಶಮೀಮ್ ಬಂದು ಕೂಡುತ್ತಾಳೆ. ಇಮ್ತಿಯಾಜರಿಗೆ ಫೋನು ಮಾಡಿದೆ. ಅವರಿಗೂ ನಗು ಬರಲಿಲ್ಲ. "ಹೇಳ್ಲೇಬೇಕಮ್ಮ. ಆದ್ರೆ ಸ್ವಲ್ಪ ಮೆಲ್ಲಗೆ ಹೇಳಿ" ಅಂದರು.

ಮೆಲ್ಲಗೆಯೇ ಶುರು ಮಾಡಿದೆ. ಸರ್ ಕೈಯನ್ನು ಕಿವಿಗೆ ಆನಿಸಿ, "ಕೇಳಿಸ್ತಿಲ್ಲಮ್ಮ, ಸ್ವಲ್ಪ ಜೋರಾಗಿ" ಅಂದರು. ಸ್ವಲ್ಪ ಜೋರಾಗಿ ಹೇಳಿದೆ. ಅದೇ ಹಳೇ ನಗು ನಕ್ಕು, "ಹ್ಞಾ ಹ್ಞಾ, ದೇವ್ರು ಅಂದ್ರಾ? ಮತ್ತೆ ಸನ್ಮಾನ ಪತ್ರಾನಾ?" ಅಂದರು. ಹೆಬ್ಬಾಳದ ಡಾಕ್ಟರೊಬ್ಬರು ನೆಲ ನೋಡುತ್ತಿದ್ದರು. ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಎದ್ದು ನಿಂತೆ. ಬೆಂಗಳೂರಿಗೆ ಬಂದು ಕಲಿತ ಕನ್ನಡವೆಲ್ಲ ಮರೆತು ನಮ್ಮೂರಿನ ಕನ್ನಡ ಬಾಯಿಗೆ ಬಂತು.

"ಸರ, ನಿಮಗ ಕಿವಿ ಕೇಳಂಗಿಲ್ರಿ! ಒಬ್ಬಾಕಿ ಹೆಣ್ಮಗಳು ತನ್ನ ಕಷ್ಟ ಒದರಿ ಹೇಳಾಕ ಆಗಲಾರದ ತಲಿನೋವು ಅಂತ ಸುಳ್ಳು ಹೇಳಿ ಹೊಂಟಾಳ್ರಿ! ಆಕೀಗೆ ರಕ್ತ ಹೊಂಟಿತ್ತು, ನೀವು ತಲಿನೋವಿನ ಗುಳಿಗಿ ಕೊಟ್ಟೀರಿ!"

ಕೆಳಗೆ ದರ್ಶಿನಿಯಲ್ಲಿ ತಟ್ಟೆಗಳ ಸದ್ದು ನಿಂತುಹೋಯಿತು. ಮಾಲೀಕ ಮೆಟ್ಟಿಲು ಹತ್ತಿ ಬಂದು ಇಣುಕಿ, ನನ್ನ ಮುಖ ನೋಡಿ ಹಾಗೇ ಇಳಿದುಹೋದ. ಸರ್ ಕೈಯಲ್ಲಿದ್ದ ಕಾಫಿ ಲೋಟ ತಿರುಗಲಿಲ್ಲ. ಮೇಜಿನ ಮೇಲಿಟ್ಟರು.

"ಆಯಮ್ಮ ಈಗ ಎಲ್ಲಿದಾರೆ?" ಎಂದು ಕೇಳಿದರು. ಅವರ ಮೊದಲ ಮಾತು ಅದು.

ಎಲ್ಲ ಹೇಳಿದೆ, ಕೂಗಿಯೇ ಹೇಳಿದೆ. ಆಪರೇಷನ್ನಿಗೆ ದಿನ ಗೊತ್ತಾಗಿದೆ, ಕಾಯಿಲೆ ಬೇಗ ಪತ್ತೆಯಾಗಿದೆ ಸರ್ ಅಂದೆ. ಅವರು ಕನ್ನಡಕ ತೆಗೆದು ಶರಟಿನ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ತಮ್ಮ ತಟ್ಟೆಯ ವಡೆಯನ್ನು ನನ್ನ ಕಡೆಗೆ ತಳ್ಳಿದರು.

"ಇದು ರಿಪೋರ್ಟ್" ಅಂದರು.

ಆ ವಡೆಯನ್ನು ತಿನ್ನಲು ನನ್ನಿಂದಾಗಲಿಲ್ಲ. ಇಮ್ತಿಯಾಜ್ ತಿಂದರು, ಕಣ್ಣೊರೆಸಿಕೊಳ್ಳುತ್ತ.

ಮುಂದಿನ ಸಭೆಗೆ ಸರ್ ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಬಂದರು. ಬಂದವರೇ, "ಇಷ್ಟು ಗಲಾಟೇಲಿ ನೀವೆಲ್ಲ ಹೆಂಗ್ರೀ ಬದುಕ್ತಿದ್ರಿ?" ಎಂದು ನಮ್ಮನ್ನೇ ಬೈದರು. ಇಮ್ತಿಯಾಜ್ ಕಾಫಿ ಹೀರುವ ಸದ್ದಿಗೆ ಬೆಚ್ಚಿಬಿದ್ದರು. ಕ್ಲಿನಿಕ್ಕಿಗೆ ಪರದೆ ಹೋಗಿ ಬಾಗಿಲು ಬಂತು, ಬೆಂಚು ದೂರ ಸರಿಯಿತು. ಬೆಂಚಿನವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಮೊದಲಿನ ಮಜಾ ಇಲ್ಲ ಎಂದು ಮಾಕಳಿಯ ತಾತ ಮುಂದಿನ ಡ್ಯೂಟಿಗೆ ಹೋದವರ ಹತ್ತಿರ ದೂರಿದನಂತೆ. ಶಮೀಮ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸರ್ ಹೆಂಡತಿಯನ್ನು ಕರೆದುಕೊಂಡು ಅವರ ಗಲ್ಲಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೆಂದು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆದರೆ ಆ ಯಂತ್ರಕ್ಕೂ ಸ್ಟೆತೊಸ್ಕೋಪಿಗೂ ಹೊಂದಿಕೆಯಾಗಲಿಲ್ಲ. ಮಕ್ಕಳ ಎದೆಯ ಸಣ್ಣ ಸದ್ದು ಸರಿಯಾಗಿ ಸಿಗುತ್ತಿಲ್ಲ ಎಂದು ಮೊದಲು ಮಕ್ಕಳನ್ನು ನೋಡುವುದು ಬಿಟ್ಟರು. ಆಮೇಲೆ ಒಂದು ಭಾನುವಾರ ಲೋಟದಿಂದ ತಮ್ಮ ಚೀಟಿ ಹೆಕ್ಕಿ ಜೇಬಿಗೆ ಹಾಕಿಕೊಂಡು, "ಕ್ಲಿನಿಕ್ ಮುಚ್ಚಿದೆ ಕಣ್ರಪ್ಪ" ಅಂದರು. ಯಾರಾದರೂ ಕಣ್ಣೀರು ಹಾಕುವ ಮುಂಚೆಯೇ, "ಡ್ಯೂಟಿ ಬಿಟ್ಟಿಲ್ಲ. ಇನ್ಮೇಲೆ ನಿಮ್ಮೆಲ್ಲರ ಬೆಂಚಿಗೂ ನಾನೇ" ಎಂದು ಬೆದರಿಸಿದರು. ಬಂದರು ಕೂಡ. ಮಾಸ್ಕಿನ ಮೇಲಿನಿಂದ ಆ ಕನ್ನಡಕ ಕಂಡರೆ ನನ್ನ ಕೈ ತಾನಾಗಿಯೇ ಡ್ರಾಯರಿನತ್ತ ಹೋಗಿ, ಪೆನ್ನು ಒಳಗಿದೆಯೇ ಎಂದು ನೋಡುತ್ತಿತ್ತು.

ತೀರಿಕೊಂಡದ್ದು ನಿದ್ದೆಯಲ್ಲಿ. ಮನೆಯ ಮುಂದೆ ಶಾಮಿಯಾನ ಹಾಕಿ ಮಲಗಿಸಿದ್ದರು. ಕಿವಿಯ ಯಂತ್ರ ತೆಗೆಯಬೇಕೇ ಎಂದು ಮಗಳು ಕೇಳಿದ್ದಕ್ಕೆ ಅವರ ಹೆಂಡತಿ, "ಇರ್ಲಿ ಬಿಡು, ಜನ ಮಾತಾಡ್ಸೋಕ್ ಬರ್ತಾರೆ" ಅಂದರಂತೆ. ಡಾಕ್ಟರುಗಳಾದ ನಾವು ಪೇಷಂಟುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ನನಗೆ ಮುಂದಿನ ಸಾಲಿನಲ್ಲಿ, ಅವರ ತಲೆಯ ಪಕ್ಕದಲ್ಲೇ ಜಾಗ ಸಿಕ್ಕಿತು.

ಜನ ಬಂದರು. ಹಳೇ ಅಭ್ಯಾಸ, ಬಂದವರೆಲ್ಲ ಕೂಗಿಯೇ ಮಾತಾಡಿಸಿದರು. "ಡಾಕ್ಟ್ರೇ, ನನ್ ಮಂಡಿನೋವು ಓಗೈತೆ! ಓಗ್ ಬನ್ನಿ!" ಎಂದು ಮಾಕಳಿಯ ತಾತ ಬೀದಿಯ ಕೊನೆಗೂ ಕೇಳುವಂತೆ ಹೇಳಿದ. ಅಳುತ್ತಿದ್ದವರೆಲ್ಲ ನಕ್ಕರು, ನಕ್ಕು ಮತ್ತೆ ಅತ್ತರು.

ಆಮೇಲೆ ಶಮೀಮ್ ಬಂದರು. ಚೆನ್ನಾಗಿ ಮೈತುಂಬಿಕೊಂಡಿದ್ದರು. ನಿಧಾನವಾಗಿ ಬಗ್ಗಿ, ಅಂಗೈಯನ್ನು ಬಾಯಿಗೆ ಮರೆಮಾಡಿ ಅವರ ಕಿವಿಯಲ್ಲಿ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಕಣ್ಣೊರೆಸಿಕೊಂಡು ಹೊರಟುಹೋದರು.

ಏನಂದ್ರು ಎಂದು ಇಮ್ತಿಯಾಜ್ ನನ್ನ ಮೊಣಕೈ ತಿವಿದರು. ಬೆಂಚಿನ ಮೇಲೆ ಪಳಗಿದ ಕಿವಿ ನನ್ನದು, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ. ಒಂದು ಮಾತೂ ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ ಹೇಳಿದ್ದರು.